ನೆತ್ತರುಗೊಡಗೆಯ ನೆಲ

೮ ಜುಲೈ ೨೦೦೭, ಭಾನುವಾರ. ದೊಡ್ಡಬಳ್ಳಾಪುರ

ನಮ್ಮ ಯಜಮಾನರು ತೀರಿಕೊಂಡದ್ದು ಮಾರ್ಚ್ ತಿಂಗಳಲ್ಲಿ. ಜಲ್ಲಿ ಹೊತ್ತ ಲಾರಿ, ಇವರ ಸ್ಕೂಟರು, ದೇವನಹಳ್ಳಿಗೆ ಮೊದಲಿನ ತಿರುವು. ಇಷ್ಟು ಬರೆದರೆ ಸಾಕು.

ನಿನ್ನೆ ಫ್ರಾನ್ಸಿನ ಲಿಯೋಂನಿಂದ ಒಪ್ಪಂದ ಬಂತು. ಅವರ ಪುಸ್ತಕವನ್ನು ಫ್ರೆಂಚಿನಲ್ಲಿ ಅಚ್ಚು ಮಾಡಲು ಅಲ್ಲಿಯ ಸಣ್ಣ ಪ್ರಕಾಶನವೊಂದು ಮುಂದೆ ಬಂದಿದೆ. ಸಂಪಾದಕಿ ಎಲೆನ್. ಎರಡು ವರ್ಷದ ಹಿಂದೆ, ವಿಮಾನ ನಿಲ್ದಾಣದ ಸುತ್ತಿನ ಹಳ್ಳಿಗಳನ್ನು ನೋಡಲು ಬಂದವಳು ನಮ್ಮ ಮನೆಯಲ್ಲೇ ಉಳಿದಿದ್ದಳು. ಇವರ ಸ್ಕೂಟರಿನ ಹಿಂದೆ ಕೂತು ಊರೂರು ತಿರುಗಿದ್ದಳು. ಅನುವಾದ ನಾನೇ ಮಾಡಬೇಕೆಂಬುದು ಅವಳ ಷರತ್ತು. ನನ್ನ ಷರತ್ತೂ ಅದೇ ಆಗಿತ್ತು.

ಪುಸ್ತಕದ ಹೆಸರು ‘ಬೀರಗೊಂಡನಹಳ್ಳಿಯ ನೆಲ’. ಅದು ಅವರ ಹುಟ್ಟೂರು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತ, ರಜೆಯಲ್ಲೆಲ್ಲ ಊರಿಗೆ ಹೋಗಿ, ಆರು ವರ್ಷ ಕೂತು ಬರೆದದ್ದು. ಇಲ್ಲಿಯದೇ ಪ್ರೆಸ್ಸಿನಲ್ಲಿ ಅಚ್ಚಾಯಿತು. ಓದಿದವರು ಕಡಿಮೆ. ಈಗ ಅದೇ ಊರಿನ ನಮ್ಮ ಹೊಲದ ಮೇಲೆ ವಿಮಾನ ನಿಲ್ದಾಣಕ್ಕೆ ಹೋಗುವ ರಸ್ತೆಯ ಕಲ್ಲು ನೆಟ್ಟಿದ್ದಾರೆ. ಆ ಹೊಲದ ಮೂಲೆಯ ಹೊಂಗೆಮರದ ಕೆಳಗೇ ಅವರನ್ನು ಹೂತಿರುವುದು.

ಹಗಲೆಲ್ಲ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಫ್ರೆಂಚ್ ಯಂತ್ರಗಳ ಕೈಪಿಡಿಯನ್ನು ಕನ್ನಡಕ್ಕೆ ತರುತ್ತೇನೆ: ಚಕ್ರ ನಿಲ್ಲುವವರೆಗೆ ಕೈ ಹಾಕಬೇಡಿ, ಒದ್ದೆ ಬಟ್ಟೆಯಿಂದ ಮುಟ್ಟಬೇಡಿ. ಸಂಜೆ ಇನ್ನು ಈ ಕೆಲಸ. ದಿನಕ್ಕೆ ಒಂದು ಪುಟವಾದರೆ ವರ್ಷದ ಕೊನೆಗೆ ಮುಗಿಯುತ್ತದೆ. ಅವರದು ಸರಳ ವಾಕ್ಯ. ಕಷ್ಟವಾಗಲಾರದು.

೧೯ ಜುಲೈ, ಗುರುವಾರ

ಕಷ್ಟ ಶುರುವಾಗಿದೆ. ಮೊದಲ ಅಧ್ಯಾಯದ ‘ಖರಾಬು’.

ಸರ್ಕಾರದ ದಾಖಲೆಯಲ್ಲಿ ಊರಿನ ಹೊಲದ ಒಂದು ಭಾಗವನ್ನು ಖರಾಬು, ಅಂದರೆ ಉಳುಮೆಗೆ ಬಾರದ ನೆಲ ಎಂದು ಬರೆದಿದ್ದಾರೆ. ಅವರು ಇದನ್ನು ಐದು ಪುಟ ಖಂಡಿಸಿದ್ದಾರೆ. ‘ರಾಗಿ ಬೆಳೆದ ನೆಲಕ್ಕೆ ಖರಾಬು ಎಂದು ಹೆಸರಿಟ್ಟವನು ಹೊಲವನ್ನು ನೋಡಿರಲಿಲ್ಲ, ನೋಡಿದ್ದರೂ ಉಂಡಿರಲಿಲ್ಲ’ ಎಂಬ ಸಾಲನ್ನು ಓದಿ, ಅದನ್ನು ಬರೆದ ದಿನ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ಓದಿ ಹೇಳಿದ್ದು ನೆನಪಾಯಿತು. ನಾನು ‘ಉಂಡಿರಲಿಲ್ಲ ಅನ್ನೋದು ಜಾಸ್ತಿಯಾಯ್ತು’ ಅಂದಿದ್ದೆ. ತೆಗೆಯಲಿಲ್ಲ. ತೆಗೆಯದೆ ಇದ್ದದ್ದೇ ಸರಿ.

ಎಲೆನ್ ಸೂಚಿಸಿದ್ದು ‘ತೆರ್ ವಾಕಾಂತ್’, ಖಾಲಿ ನೆಲ. ನಾನು ಬೇಡವೆಂದು ಬರೆದೆ. ಫ್ರೆಂಚರು ಆಫ್ರಿಕದಲ್ಲಿ ಜನ ಉಳುತ್ತಿದ್ದ ನೆಲವನ್ನು ತಮ್ಮದು ಮಾಡಿಕೊಳ್ಳುವಾಗ ಕಾನೂನಿನಲ್ಲಿ ಬಳಸಿದ ಮಾತು ಅದು: ಖಾಲಿ ಇರುವ, ಒಡೆಯನಿಲ್ಲದ ನೆಲ. ಆ ಮಾತನ್ನು ಇವರ ಬಾಯಲ್ಲಿ ಹೇಗೆ ಇಡಲಿ. ‘ಪಾಳು ಎಂದು ಘೋಷಿಸಿದ ನೆಲ’ ಎಂದು ಮಾಡಿದೆ. ಘೋಷಿಸಿದವರು ಯಾರೋ ಇದ್ದಾರೆ ಎಂಬುದಾದರೂ ಅದರಲ್ಲಿ ಉಳಿಯುತ್ತದೆ.

ಎಲೆನ್ ಒಪ್ಪಿದಳು. ‘ನಿನ್ನ ಗಂಡ ನಿನ್ನೊಳಗೆ ಕೂತು ಜಗಳವಾಡುತ್ತಿದ್ದಾನೆ’ ಎಂದು ಬರೆದಿದ್ದಾಳೆ. ಆ ಸಾಲನ್ನು ಎರಡು ಸಲ ಓದಿದೆ.

೫ ಆಗಸ್ಟ್, ಭಾನುವಾರ

ಊರಿಗೆ ಹೋಗಿ ಬಂದೆ. ಅತ್ತೆ ಬೈರಮ್ಮನವರು ಇನ್ನೂ ಇಳಿದಿದ್ದಾರೆ. ಮೈದುನ ಶ್ರೀಧರ್ ಸೋಂಪುರದ ಫ್ಯಾಕ್ಟರಿಯ ರಾತ್ರಿಪಾಳಿ ಮುಗಿಸಿ ಬಂದು ಮಲಗಿದ್ದವನು ಎದ್ದು ಬಂದ. ನನ್ನ ಎದುರು ಕೂತು ಪುಸ್ತಕದ ವಿಷಯ ಕೇಳಿದ. ಅವನು ಪುಸ್ತಕದ ವಿಷಯ ಕೇಳಿದ್ದು ಇದೇ ಮೊದಲು.

‘ಅತ್ತಿಗೆ, ಅದು ನಿಜವಾಗ್ಲೂ ಫ್ರಾನ್ಸ್‌ನಾಗೆ ಅಚ್ಚಾಯ್ತದಾ?’

‘ಆಗುತ್ತೆ. ಬರೋ ವರ್ಷ.’

‘ಹಂಗಾದ್ರೆ ಅಚ್ಚು ಹಾಕ್ತೀವಿ ಅಂತ ಅವರ ಕಡೆಯಿಂದ ಒಂದು ಕಾಗದ ಬೇಕು. ರಸ್ತೆಗೆ ಹೋಗೋ ಹೊಲಕ್ಕೆ ಬದಲಿ ನೆಲ ಕೊಡ್ತಾರಂತೆ. ವಿಚಾರಣೆ ಮಾಡಿ ಕೊಡ್ತಾರೆ. ನಾವೂ ಅರ್ಜಿ ಹಾಕಿದೀವಿ, ಕೆಳಗಲ ಬೀದಿಯೋರೂ ಹಾಕವ್ರೆ. ಕೊಡೋದು ಒಬ್ರಿಗೇ.’

ಹೊಲದ ಅಂಚಿನಲ್ಲಿ ಕೆಳಗಿನ ಬೀದಿಯವರ ಹನ್ನೊಂದು ಮನೆಗಳಿವೆ. ಅವರೂ ಅದು ತಮ್ಮ ನೆಲ ಎನ್ನುತ್ತಿದ್ದಾರೆ.

‘ಅಣ್ಣನ ಪುಸ್ತಕದಾಗೆ ಎಲ್ಲಾ ಅದೆ,’ ಅಂದ ಶ್ರೀಧರ್. ‘ಯಾರ ಹಿರೀಕರು, ಯಾವ ರಾಜ, ಯಾಕೆ ಕೊಟ್ಟ. ಊರಲ್ಲಿ ಅಚ್ಚು ಹಾಕ್ಸಿದ್ದು ಅಂದ್ರೆ ಸಾಹೇಬ್ರು ಪಕ್ಕಕ್ ಇಡ್ತಾರೆ. ಫ್ರಾನ್ಸು ಅಂದ್ರೆ ತಿರುವಿ ನೋಡ್ತಾರೆ.’

‘ನಿಮ್ಮಣ್ಣ ಇದ್ದಾಗ ನೀನೂ ತಿರುವಿ ನೋಡ್ಲಿಲ್ಲ,’ ಅಂದೆ. ಅವನು ನಕ್ಕ. ‘ಹೂಂ, ನನ್ನ ದಡ್ಡತನ. ಈಗ ಓದ್ತಾ ಇದೀನಿ. ಅರ್ಧ ಆಗ್ಯದೆ.’

ಬೈರಮ್ಮನವರು ಒಳಗಿಂದ, ‘ಅವಳಿಗೆ ಮೊದ್ಲು ಊಟಕ್ ಇಡ್ರಿ, ಆಮ್ಯಾಕೆ ಕೋರ್ಟು ನಡೆಸೀರಂತೆ,’ ಅಂದರು.

ಊಟವಾದ ಮೇಲೆ ಹೊಂಗೆಮರದ ಹತ್ತಿರ ಹೋಗಿದ್ದೆ. ಮಣ್ಣು ಕುಸಿದು ಸಮತಟ್ಟಾಗುತ್ತಿದೆ. ಪಕ್ಕದಲ್ಲೇ ಅವರು ಪುಸ್ತಕದಲ್ಲಿ ಬರೆದಿರುವ ವೀರಗಲ್ಲು: ದನಗಳ ಸಾಲು, ಎತ್ತಿದ ಕತ್ತಿ, ಎದೆಗೆ ನಾಟಿದ ಬಾಣ. ಕೆಳಗಿನ ಬೀದಿಯ ಯಾರೋ ಹೆಂಗಸು ಕಲ್ಲಿನ ಸುತ್ತ ಕಳೆ ಕೀಳುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ನಾನು ಮಾತನಾಡಿಸಲಿಲ್ಲ. ಆಗ ಯಾರನ್ನೂ ಮಾತನಾಡಿಸುವಂತಿರಲಿಲ್ಲ.

೨೨ ಆಗಸ್ಟ್, ಬುಧವಾರ

ಮೂರು ದಿನದಿಂದ ಪುಟ ಮುಂದೆ ಹೋಗಿಲ್ಲ. ಜ್ವರವೇನೂ ಇಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನವನ ಕುತ್ತಿಗೆ ಅವರದರಂತೆಯೇ ಇತ್ತು. ಅವನು ಇಳಿಯುವವರೆಗೆ ನಾನೂ ಇಳಿಯಲಿಲ್ಲ. ಎರಡು ನಿಲ್ದಾಣ ವಾಪಸು ನಡೆದು ಬಂದೆ.

೯ ಸೆಪ್ಟೆಂಬರ್, ಭಾನುವಾರ

‘ನೆತ್ತರುಗೊಡಗೆ’ಗೆ ಬಂದು ತಲುಪಿದ್ದೇನೆ. ಪುಸ್ತಕದ ಎದೆ ಇದು. ಊರಿನ ದನಗಳನ್ನು ಶತ್ರುಗಳು ಹೊಡೆದುಕೊಂಡು ಹೋಗುವಾಗ ತಡೆದು ಸತ್ತವನಿದ್ದರೆ, ಅವನ ರಕ್ತಕ್ಕೆ ಪ್ರತಿಯಾಗಿ ಅವನ ಮನೆಯವರಿಗೆ ಆಳುವವನು ನೆಲ ಕೊಡುತ್ತಿದ್ದ. ಆ ನೆಲಕ್ಕೆ ನೆತ್ತರುಗೊಡಗೆ ಎಂದು ಹೆಸರು. ನಮ್ಮ ಹೊಲ ಅಂಥದ್ದು, ಆ ಕಲ್ಲಿನವನು ನಮ್ಮ ವಂಶದವನು, ಆದ್ದರಿಂದ ಇದನ್ನು ಖರಾಬು ಎನ್ನುವ ಅಧಿಕಾರ ಯಾರಿಗೂ ಇಲ್ಲ ಎಂಬುದು ಅವರ ವಾದ.

ಫ್ರೆಂಚಿನಲ್ಲಿ ‘ದೋಂ ದ್ಯು ಸಾಂ’ ಅಂದರೆ ಆಸ್ಪತ್ರೆಯಲ್ಲಿ ಮಾಡುವ ರಕ್ತದಾನ. ‘ಪ್ರಿ ದ್ಯು ಸಾಂ’ ಅಂದರೆ ಕೊಲೆಗೆ ತೆಗೆದುಕೊಂಡ ಕೂಲಿ. ಎರಡೂ ನಗೆಪಾಟಲು. ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಅನುವಾದಕರು ದಣಿದ ಜಾಗಗಳಿಗೆ ಪೆನ್ಸಿಲಿನಿಂದ ಗೆರೆ ಎಳೆಯುವ ಅಭ್ಯಾಸ ನನಗಿದೆ. ಇಲ್ಲಿ ನಾನು ದಣಿಯಬಾರದು. ಕೊನೆಗೆ ಕನ್ನಡದ ಪದವನ್ನು ಹಾಗೆಯೇ ಉಳಿಸಿಕೊಂಡು ಪಕ್ಕದಲ್ಲಿ ಬಿಡಿಸಿ ಬರೆದೆ: ‘ರಕ್ತ ಸುರಿಸಿದವನ ಮಕ್ಕಳಿಗೆ ಕೊಟ್ಟ ನೆಲ’. ಜೋರಾಗಿ ಓದಿ ನೋಡಿದೆ. ಚೆನ್ನಾಗಿದೆ. ಅವರಿಗೆ ಹಿಡಿಸುತ್ತಿತ್ತು.

ನಮಗೆ ಮಕ್ಕಳಿಲ್ಲ. ಅದನ್ನು ಬರೆಯುವಾಗ ಹೊಳೆದಿರಲಿಲ್ಲ, ಓದುವಾಗ ಹೊಳೆಯಿತು.

೧೬ ಸೆಪ್ಟೆಂಬರ್, ಭಾನುವಾರ

ನಾಲ್ಕನೆಯ ಅಧ್ಯಾಯ. ಮೊದಲು ಓದಿದಾಗ ಈ ಅಧ್ಯಾಯ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ ಅನ್ನಿಸುತ್ತದೆ. ಓದುವಾಗ ಜಾರಿಹೋಗುವ ಸಾಲು ಅನುವಾದಿಸುವಾಗ ಜಾರುವುದಿಲ್ಲ.

‘ಈ ಹನ್ನೊಂದು ಮನೆಗಳವರು ನಮ್ಮ ಕೊಡಗೆಯ ಅಂಚನ್ನು ಕಾಲಕಾಲಕ್ಕೆ ತಿನ್ನುತ್ತ ಬಂದ ಒತ್ತುವರಿದಾರರು.’

ಫ್ರೆಂಚಿನಲ್ಲಿ ಇದಕ್ಕೆ ಹತ್ತಿರದ್ದು ‘ಯುಝುರ್ಪಾತರ್’. ಸಿಂಹಾಸನ ಕಿತ್ತುಕೊಂಡವನಿಗೂ ಅದೇ ಪದ, ಹೊಲ ಕಿತ್ತುಕೊಂಡವನಿಗೂ ಅದೇ. ಗುಡಿಸಲು ಕಟ್ಟಿಕೊಂಡವರಿಗೆ ಅದು ಭಾರ. ‘ಒಕ್ಯುಪಾಂ’, ಆಕ್ರಮಿಸಿ ಕೂತವರು, ಎಂದರೆ ಅಲ್ಲಿಯ ಮುದುಕರಿಗೆ ಯುದ್ಧಕಾಲದ ಜರ್ಮನ್ ಸೈನಿಕರು ನೆನಪಾಗುತ್ತಾರೆ. ಇವರು ಅಷ್ಟು ಕಟುವಾಗಿ ಹೇಳಿರಲಾರರು. ಬೀದಿಯಲ್ಲಿ ನಾಯಿಗೂ ದಾರಿ ಬಿಟ್ಟು ನಡೆಯುವವರು. ‘ಅಲ್ಲಿ ಬಂದು ನೆಲೆಸಿದವರು’ ಎಂದು ಬರೆದು ಮುಂದೆ ಹೋದೆ.

ಮುಂದೆ ಹೋದೆನೇ ಹೊರತು, ಆ ಸಾಲು ಹಿಂದೆ ಕೂತಿದೆ.

೧೨ ಅಕ್ಟೋಬರ್, ಶುಕ್ರವಾರ

ಹಿರಿಯರ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಮದುವೆಯಾದಾಗಿನಿಂದ ಈ ಹಬ್ಬಕ್ಕೆ ನಾನು ಹೋದವಳಲ್ಲ. ಅಮಾವಾಸ್ಯೆಗೆ ಕಾರ್ಖಾನೆಯಲ್ಲಿ ರಜೆ ಇರುತ್ತಿರಲಿಲ್ಲ. ‘ನೀನು ಯಾಕೆ ಒದ್ದಾಡ್ತೀಯ, ನಾನು ಹೋಗಿ ಬರ್ತೀನಿ’ ಎಂದು ಅವರು ಒಬ್ಬರೇ ಹೋಗಿ ಬರುತ್ತಿದ್ದರು. ಈ ವರ್ಷ ಎಡೆ ಅವರಿಗೇ. ಹೋಗದೆ ಇರುವಂತಿರಲಿಲ್ಲ.

ಬೆಳಿಗ್ಗೆಯೇ ಅಡುಗೆ ಮುಗಿಯಿತು. ಹುರುಳಿ ಬಸ್ಸಾರು, ಮುದ್ದೆ, ಕೋಳಿಸಾರು, ಅವರಿಗೆಂದು ಚೊಂಬಿನಲ್ಲಿ ಕಾಫಿ. ಹೊತ್ತುಕೊಂಡು ಹೊಲಕ್ಕೆ ಹೋದೆವು. ಹೊಂಗೆಮರದ ಕೆಳಗೆ ನಾನು ಬಾಳೆಲೆ ಹಾಸಲು ಬಗ್ಗಿದಾಗ ಬೈರಮ್ಮನವರು ನನ್ನ ಕೈ ಹಿಡಿದರು.

‘ತಡಿ. ಇನ್ನೂ ಅಕ್ಕಿ ಬಂದಿಲ್ಲ.’

ಏನೆಂದು ತಿಳಿಯಲಿಲ್ಲ. ನಾವೆಲ್ಲ ಬದುವಿನ ಮೇಲೆ ಸಾಲಾಗಿ ನಿಂತೆವು: ಅತ್ತೆ, ಶ್ರೀಧರ್, ಅವನ ಹೆಂಡತಿ ಅಕ್ಷತ, ನಾನು. ಕೆಳಗಿನ ಬೀದಿಯಿಂದ ಹತ್ತಾರು ಜನ ಬಂದರು. ಮುಂದೆ ಹಿತ್ತಾಳೆ ತಟ್ಟೆ ಹಿಡಿದು, ಅವತ್ತು ಕಳೆ ಕೀಳುತ್ತಿದ್ದ ಅದೇ ಹೆಂಗಸು. ಹೆಸರು ಮುನಿಗಂಗಮ್ಮ. ವೀರಗಲ್ಲನ್ನು ತೊಳೆದು, ಎಣ್ಣೆ ಹಚ್ಚಿ, ಅರಿಶಿನ ಬಳಿದು, ಎಲೆ ಹಾಕಿ, ನಿಧಾನವಾಗಿ ಒಂದೊಂದೇ ಬಡಿಸಿದಳು. ಬೀಡಿ ಹಚ್ಚಿ ಕಲ್ಲಿನ ಬಾಯಿಗೆ ಇಟ್ಟಳು. ಅವಳ ಭಾವ ಪಾಪಯ್ಯ ಎಂಬವನು ಸಣ್ಣ ಸೀಸೆಯಿಂದ ಎಲೆಗೆ ಎರಡು ಹನಿ ಹಾಕಿ ಉಳಿದದ್ದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ‘ಅವನಿಗೆ ಎರಡು ತೊಟ್ಟು, ನಿಂಗೆ ಸೀಸೆನಾ?’ ಎಂದು ಯಾರೋ ಕೇಳಿದರು. ‘ಅವನು ಆಗ್ಲೇ ಸತ್ತವ್ನೆ, ನಾನಿನ್ನೂ ಸಾಯ್ಬೇಕಲ್ಲ,’ ಅಂದ.

ಬಿಸಿಲು ಏರುತ್ತಿತ್ತು. ಶ್ರೀಧರ್ ಗಡಿಯಾರ ನೋಡಿಕೊಂಡು, ‘ಇನ್ನೂ ಆಗ್ಲಿಲ್ವಾ ಮುನಿಗಂಗಮ್ಮ? ನಂಗೆ ಎರಡನೇ ಪಾಳಿ ಅದೆ,’ ಎಂದ.

ಅವಳು ತಿರುಗಿಯೂ ನೋಡದೆ, ‘ಸತ್ತೋನು ನಿಮ್ಮ ತಾತ ಆಗಿದ್ರೆ ನೀನೇ ಮೊದ್ಲು ಇಕ್ಕೀವಂತೆ. ಸುಮ್ಕಿರು ಮಗಾ,’ ಅಂದಳು.

ಎಲ್ಲರೂ ನಕ್ಕರು. ಶ್ರೀಧರನೂ ನಕ್ಕ. ಬೈರಮ್ಮನವರೂ ಸೆರಗು ಬಾಯಿಗೆ ಹಿಡಿದು ನಕ್ಕರು. ಹಳೆಯ ತಮಾಷೆ, ಪ್ರತಿ ವರ್ಷವೂ ಆಡುವಂಥದ್ದು, ಹಾಗಿತ್ತು ಆ ನಗು.

ಆಮೇಲೆ ಮುನಿಗಂಗಮ್ಮ ಕಲ್ಲಿನ ಮುಂದಿದ್ದ ಹಸಿ ಅಕ್ಕಿಯಲ್ಲಿ ಒಂದು ಹಿಡಿ ತೆಗೆದುಕೊಂಡು ಬಂದಳು. ಬೈರಮ್ಮನವರು ಸೆರಗೊಡ್ಡಿ ಈಸಿಕೊಂಡರು. ಸೆರಗೊಡ್ಡಿ. ನಮ್ಮ ಅತ್ತೆ ಯಾರ ಮುಂದೆಯೂ ಹಾಗೆ ನಿಂತದ್ದನ್ನು ನಾನು ಕಂಡಿಲ್ಲ. ಆ ಅಕ್ಕಿಯನ್ನು ಮಗನ ಮಣ್ಣಿನ ಮೇಲೆ ಚೆಲ್ಲಿ, ‘ಈಗ ಎಲೆ ಹಾಕು’ ಅಂದರು.

ಬಡಿಸುತ್ತ ಕೇಳಿದೆ. ‘ಆ ಅಕ್ಕಿ ಯಾಕೆ?’

ಮುನಿಗಂಗಮ್ಮ ಅಲ್ಲೇ ನಿಂತಿದ್ದಳು. ಉತ್ತರ ಕೊಟ್ಟದ್ದು ಅವಳೇ. ‘ನೆಲದೋನ ಅಪ್ಪಣೆ ಬ್ಯಾಡ್ವೇನವ್ವ? ಇಲ್ಲಿ ಯಾರನ್ನ ಹೂತ್ರೂ ಅವ್ರಿಗೆ ಎಡೆ ಇಕ್ಕಬೇಕಂದ್ರೆ ಮೊದ್ಲು ಈ ಕಲ್ಲಿನ ಅಕ್ಕಿ ಬರಬೇಕು. ನಿಮ್ಮೆಜಮಾನ್ರು ಹೇಳ್ಲಿಲ್ವಾ? ವರ್ಷವರ್ಷ ಬಂದು ಅವರಪ್ಪನಿಗೆ ಅಂತ ನನ್ನ ಕೈಯಾಗೆ ಈಸ್ಕೊಂಡು ಹೋಗೋರು. ಬೋ ಮರ್ವಾದೆಯೋರು. ಎರಡೂ ಕೈ ಒಡ್ಡೋರು.’

ಕಾಫಿ ಚೊಂಬು ನನ್ನ ಕೈಯಲ್ಲಿತ್ತು. ಎಲೆಯ ಪಕ್ಕಕ್ಕೆ ಇಟ್ಟೆ. ಆರಿ ಹೋಗಿತ್ತು.

೧೪ ಅಕ್ಟೋಬರ್, ಭಾನುವಾರ

‘ರಕ್ತ ಸುರಿಸಿದವನ ಮಕ್ಕಳಿಗೆ ಕೊಟ್ಟ ನೆಲ.’ ಚೆನ್ನಾಗಿದೆ ಎಂದು ಬರೆದುಕೊಂಡಿದ್ದೆ. ಈಗ ಓದಲಾಗುತ್ತಿಲ್ಲ.

೨೮ ಅಕ್ಟೋಬರ್, ಭಾನುವಾರ

ಕೇಳದೆ ಊಹಿಸುವುದು ತಪ್ಪು. ಅವರಿಗೆ ತಿಳಿಯದೆ ಇದ್ದಿರಬಹುದು. ಹಬ್ಬದ ಆಚರಣೆಗೂ ಹೊಲದ ಹಕ್ಕಿಗೂ ಸಂಬಂಧವಿಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದಿರಬಹುದು. ಇತಿಹಾಸದವರು ಹಾಗೆ ನಂಬುವುದುಂಟು. ಇವತ್ತು ಬಸ್ಸಿನಲ್ಲಿ ಊರು ತಲುಪುವವರೆಗೆ ಇದನ್ನೇ ಒಪ್ಪವಾಗಿ ಜೋಡಿಸಿಕೊಂಡು ಹೋದೆ.

ಶ್ರೀಧರ್ ಮನೆಯಲ್ಲಿರಲಿಲ್ಲ. ಅತ್ತೆ ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದರು. ನಾನೂ ಕೂತು ಬಿಡಿಸತೊಡಗಿದೆ.

‘ಅತ್ತೆ, ಆ ಕಲ್ಲಿನವನು ಯಾರ ಕಡೆಯವನು?’

‘ಅವ್ರ ಕಡೆಯೋನು. ಮುನಿಗಂಗಮ್ಮನೋರ ಹಿರೀಕ. ಊರಿಗೆಲ್ಲ ಗೊತ್ತಿರೋದೇ ಕಣವ್ವ.’

‘ಮತ್ತೆ ನೆಲ?’

‘ಅವ್ನು ಸತ್ತಿದ್ದಕ್ಕೆ ಅವ್ರಿಗೇ ಕೊಟ್ಟಿದ್ದಂತೆ. ಆಮ್ಯಾಕೆ ಹೆಂಗೋ ನಮ್ಮ ಮಾವನ ಕಾಲಕ್ಕೆ ನಮ್ಮ ಕೈಯಾಗಿತ್ತು. ಹೆಂಗೆ ಬಂತು ಅಂತ ನಾನು ಕೇಳ್ಲಿಲ್ಲ. ಸೊಸೆಯಾಗಿ ಬಂದೋಳು ಅದನ್ನೆಲ್ಲ ಕೇಳ್ತಾಳಾ?’

ಹೇಳಿ ನನ್ನ ಮುಖ ನೋಡಿದರು. ನಾನು ಕಡಲೆಕಾಯಿ ನೋಡಿದೆ.

‘ಇವರಿಗೆ ಗೊತ್ತಿತ್ತಾ?’

‘ಯಾರ್ಗೆ, ದೇವೇಂದ್ರಂಗಾ? ನಾನೇ ಹೇಳಿದ್ನಲ್ಲ. ಪುಸ್ತಕ ಬರೆಯೋವಾಗ ನೀನು ಕೂತಿದೀಯಲ್ಲ, ಅಲ್ಲೇ ಕೂತು ಎಲ್ಲಾ ಕೇಳ್ಕಂಡ. ಆಮ್ಯಾಕೆ, “ಅಮ್ಮ, ಇದನ್ನ ಬರೆದ್ರೆ ನಮಗೇನು ಉಳೀತದೆ?” ಅಂದ. ಕಾಫಿ ಕುಡಿದು ಎದ್ದೋದ.’

‘ನೀವೇನಂದ್ರಿ?’

‘ನಾನೇನನ್ನನ? ನಂಗೆ ಓದಕ್ಕೆ ಬತ್ತದಾ? ಏನು ಬರೆದ ಅಂತ ಅವ್ನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ.’ ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿ, ‘ಯಾಕವ್ವ, ಏನು ಬರೆದವ್ನೆ?’ ಅಂದರು.

ಬಸ್ಸಿಗೆ ಹೊತ್ತಾಯಿತು ಅಂದೆ. ಬಸ್ಸಿಗೆ ಇನ್ನೂ ತುಂಬಾ ಹೊತ್ತಿತ್ತು. ಹೊಂಗೆಮರದ ಕಡೆ ಹೋಗಲಿಲ್ಲ. ಮೊದಲ ಸಲ.

೩ ನವೆಂಬರ್, ಶನಿವಾರ

ಎರಡೂ ಕೈ ಒಡ್ಡಿ ಅಕ್ಕಿ ಈಸಿಕೊಂಡು, ದೊಡ್ಡಬಳ್ಳಾಪುರಕ್ಕೆ ಬಂದು, ಇದೇ ಮೇಜಿನ ಮುಂದೆ ಕೂತು, ಒತ್ತುವರಿದಾರರು.

ಆಗ ನಾನು ಪಕ್ಕದ ಕೋಣೆಯಲ್ಲಿದ್ದೆ. ಕಾಫಿ ಬೇಕಾ ಎಂದು ಕೇಳಿರಬಹುದು.

೧೧ ನವೆಂಬರ್, ಭಾನುವಾರ

ದೀಪಾವಳಿಯ ಪಟಾಕಿ ಇನ್ನೂ ನಿಂತಿಲ್ಲ. ಎಲೆನ್‌ಗೆ ನಾಲ್ಕನೆಯ ಅಧ್ಯಾಯವನ್ನು ಮೊದಲೇ ಕಳಿಸಿದ್ದೆ. ಇವತ್ತು ಅವಳ ಉತ್ತರ. ‘ಬಂದು ನೆಲೆಸಿದವರು’ ತುಂಬ ಮಾನವೀಯವಾಗಿದೆಯಂತೆ. ‘ತನ್ನ ನೆಲ ಕಳೆದುಕೊಳ್ಳುತ್ತಿರುವವನು ಪಕ್ಕದವರ ಬಗ್ಗೆ ಇಷ್ಟು ಮೃದುವಾಗಿ ಬರೆಯಬಲ್ಲ ಎಂಬುದೇ ಈ ಪುಸ್ತಕದ ಸೊಬಗು. ದೇವೇಂದ್ರ ಹಾಗೆಯೇ ಇದ್ದ.’ ಹಿಂಬದಿಯ ರಕ್ಷಾಪುಟಕ್ಕೆ ಇದನ್ನೇ ಹಾಕುತ್ತಾಳಂತೆ.

ಈ ಸೊಬಗು ನಾನು ಮಾಡಿದ್ದು. ಅವನದಲ್ಲ.

ಮಧ್ಯಾಹ್ನ ಶ್ರೀಧರ್ ಫೋನು ಮಾಡಿದ. ವಿಚಾರಣೆ ಈ ತಿಂಗಳ ಕೊನೆಗೆ.

‘ಆ ಕಾಗದ ಬಂತಾ ಅತ್ತಿಗೆ?’

‘ಬಂದಿಲ್ಲ. ನಾನು ಕೇಳಿಲ್ಲ.’

‘ಯಾಕೆ?’

‘ಶ್ರೀಧರ್, ನಾಲ್ಕನೇ ಅಧ್ಯಾಯ ಓದಿದ್ಯಾ?’

‘ಓದ್ದೆ. ಅದೇ ಬೇಕಾಗಿರೋದು ನಮ್ಗೆ. ಕೆಳಗಲ ಬೀದಿ ಬಗ್ಗೆ ಅಣ್ಣ ನೇರಾನೇರ ಬರೆದವ್ನೆ.’

‘ಅದು ನಿಜಾನಾ?’

ಅವನ ಮಗು ಏನೋ ಕೇಳುತ್ತಿತ್ತು. ಅದನ್ನು ಆಚೆ ಕಳಿಸಿದ.

‘ನೀವು ಹಬ್ಬದಾಗೆ ನೋಡಿದ್ದಕ್ಕೆ ಹಿಂಗೆ ಕೇಳ್ತಿದೀರ. ನಂಗೊತ್ತು. ಅಕ್ಕಿ ಇಸ್ಕೊಳ್ಳೋದು ಹಿರೀಕರ ಕಾಲದ್ದು, ನಾವೂ ನಡೆಸ್ಕೊಂಡು ಬಂದಿದೀವಿ, ಅವರ ಮಾತಿಗೆ ನಗ್ತೀವಿ. ಆದ್ರೆ ಆಫೀಸ್‌ನಾಗೆ ನಗಕ್ಕಾಗಲ್ಲ ಅತ್ತಿಗೆ. ಅಲ್ಲಿ ಒಂದ್ಸಲ ಹೋದ್ರೆ ಹೋಯ್ತು.’ ಅವನ ದನಿ ಇಳಿಯಿತು. ‘ಅಣ್ಣನ ಗುಂಡಿ ಇರೋದು ಅಲ್ಲೇ. ರಸ್ತೆಯೋರು ಅಗೀತಾರೆ. ಬದಲಿ ನೆಲ ನಮಗೆ ಸಿಗದೆ ಇದ್ರೆ ಅವನ್ನ ತೆಗೆದು ಎಲ್ಲಿಗ್ ತಗೊಂಡ್ ಹೋಗ್ಲಿ? ನೀವೇ ಹೇಳಿ. ಎಲ್ಲಿಡ್ಲಿ?’

‘ಯೋಚನೆ ಮಾಡ್ತೀನಿ’ ಅಂದೆ. ‘ಬೇಗ ಮಾಡಿ. ನೀವಾದ್ರೂ ಅವನ ಕಡೆ ಇರಿ,’ ಅಂದ. ಜಗಳದ ದನಿಯಲ್ಲ. ಬೇಡುವ ದನಿ.

೧೪ ನವೆಂಬರ್, ಬುಧವಾರ

ಕಾರ್ಖಾನೆಯಲ್ಲಿ ಒಂದು ಸೂಚನೆಯನ್ನು ತಪ್ಪಾಗಿ ಅನುವಾದಿಸಿದ್ದೆ. ಅದನ್ನು ಯಂತ್ರದ ಮೇಲೆ ಹಚ್ಚುವ ಮುನ್ನ ಪಾಳಿಯ ಮೇಲ್ವಿಚಾರಕಿ ಯಶಸ್ವಿನಿ ಕಂಡುಹಿಡಿದಳು. ‘ಮೇಡಂ, ನಿಮ್ಮಿಂದ ಇದು ಮೊದಲನೇ ಸಲ,’ ಅಂದಳು. ಬಿಸಿ ಇರುವ ಭಾಗವನ್ನು ತಣ್ಣಗಿದೆ ಎಂದು ಬರೆದಿದ್ದೆ. ಅದನ್ನು ನಂಬಿ ಯಾರಾದರೂ ಕೈ ಇಟ್ಟಿದ್ದರೆ.

೧೭ ನವೆಂಬರ್, ಶನಿವಾರ

ಇವತ್ತು ರಜೆ ಹಾಕಿ ಬೆಳಿಗ್ಗೆಯಿಂದ ನಾಲ್ಕನೆಯ ಅಧ್ಯಾಯವನ್ನು ಮೊದಲಿನಿಂದ ಮಾಡಿದೆ. ಅವನು ಎಲ್ಲಿ ಗಟ್ಟಿಯಾಗಿ ಬರೆದಿದ್ದಾನೋ ಅಲ್ಲಿ ಗಟ್ಟಿ, ಎಲ್ಲಿ ಮುಚ್ಚಿದ್ದಾನೋ ಅಲ್ಲಿ ಮುಚ್ಚಿದ ಹಾಗೆ. ಒತ್ತುವರಿದಾರರು ಎಂಬಲ್ಲಿ ಯುಝುರ್ಪಾತರ್. ಬೆರಳಚ್ಚು ಮಾಡಿ ದೂರದಿಂದ ನೋಡಿದೆ. ಕೊಳಕಾಗಿದೆ. ಕನ್ನಡದಲ್ಲೂ ಅಷ್ಟೇ ಕೊಳಕಾಗಿತ್ತು. ಹದಿನಾಲ್ಕು ವರ್ಷ ಜೊತೆಗಿದ್ದು ನನಗೆ ಕಂಡಿರಲಿಲ್ಲ.

ದೇವೇಂದ್ರ ಕೆಟ್ಟವನೇನಲ್ಲ. ಇದನ್ನು ಬರೆದ ಮೇಲೂ ಅಂಗಳದ ಗಿಡಕ್ಕೆ ನೀರು ಹಾಕಿದ್ದಾನೆ, ನನ್ನ ತಲೆನೋವಿಗೆ ಹಣೆ ಒತ್ತಿದ್ದಾನೆ. ಖರಾಬು ಎಂದು ಕರೆಸಿಕೊಳ್ಳುವ ಅವಮಾನ ಏನೆಂದು ಅವನಷ್ಟು ಚೆನ್ನಾಗಿ ಬರೆದವರಿಲ್ಲ. ಅದನ್ನು ಬರೆದ ಕೈಯೇ ಇದನ್ನೂ ಬರೆಯಿತು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ನನಗೆ ಬರುತ್ತಿಲ್ಲ. ಒಂದನ್ನು ಹಿಡಿದರೆ ಇನ್ನೊಂದು ಕೈಯಿಂದ ಬೀಳುತ್ತದೆ. ನಾಲ್ಕು ತಿಂಗಳಿಂದ ನಾನು ಫ್ರೆಂಚಿನಲ್ಲಿ ನನಗೆ ಬೇಕಾದ ಗಂಡನೊಬ್ಬನನ್ನು ಮಾಡಿಕೊಳ್ಳುತ್ತಿದ್ದೆ. ಅವನು ಚೆನ್ನಾಗಿದ್ದ. ಅವನನ್ನೂ ಈಗ ಕಳಿಸಬೇಕಾಗಿದೆ.

ಮಧ್ಯಾಹ್ನ ಅಳು ಬಂತು. ಮಾರ್ಚ್‌ನಲ್ಲಿ ಬಂದದ್ದಕ್ಕಿಂತ ಹೆಚ್ಚು. ನಿಲ್ಲುವವರೆಗೆ ಕಾದು ಮುಖ ತೊಳೆದುಕೊಂಡು ಬಂದು ಕೂತೆ.

ತೀರ್ಮಾನಗಳನ್ನು ಬರೆದಿಡುತ್ತೇನೆ, ನಾಳೆ ಮನಸ್ಸು ಬದಲಾಗದಿರಲಿ ಎಂದು. ಪುಸ್ತಕವನ್ನು ತಡೆಯುವುದಿಲ್ಲ. ಅವನ ಮಾತನ್ನು ಮೆತ್ತಗೆ ಮಾಡುವುದೂ ಇಲ್ಲ. ಆ ಪುಟದ ಕೆಳಗೆ ನನ್ನ ಹೆಸರಿನಲ್ಲಿ ಟಿಪ್ಪಣಿ ಇರುತ್ತದೆ: ಆ ಕಲ್ಲಿಗೆ ಮೊದಲು ಎಡೆ ಇಡುವವರು ಯಾರು, ಅಕ್ಕಿ ಕೊಡುವವರು ಯಾರು, ಸೆರಗೊಡ್ಡುವವರು ಯಾರು, ಲೇಖಕರ ತಾಯಿ ಏನು ಹೇಳಿದರು. ಲೇಖಕರಿಗೆ ಇದು ತಿಳಿದಿತ್ತು ಎಂಬುದೂ ಇರುತ್ತದೆ. ಅದನ್ನು ಬಿಟ್ಟರೆ ಟಿಪ್ಪಣಿ ಬರೆಯದಿರುವುದೇ ಮೇಲು. ಎಲೆನ್‌ಗೆ ಹಿಡಿಸದಿದ್ದರೆ ಒಪ್ಪಂದ ಹರಿಯಲಿ. ಶ್ರೀಧರನಿಗೆ ಕಾಗದ ತರಿಸಿಕೊಡುವುದಿಲ್ಲ. ವಿಚಾರಣೆಗೆ ಪುಸ್ತಕ ಒಯ್ದರೆ, ಟಿಪ್ಪಣಿಯ ಕನ್ನಡವನ್ನು ನಾನೇ ಅಲ್ಲಿಗೆ ಒಯ್ಯುತ್ತೇನೆ. ಇದನ್ನು ಅವನಿಗೂ ಅತ್ತೆಗೂ ನಾಳೆ ಮುಖಾಮುಖಿ ಹೇಳುತ್ತೇನೆ. ಆ ಮನೆಯ ಬಾಗಿಲು ನನಗೆ ಮುಚ್ಚಬಹುದು. ಅತ್ತೆ ಏನನ್ನುತ್ತಾರೋ ತಿಳಿಯದು. ಮಗ ಏನು ಬರೆದ ಎಂದು ಅವರು ಕೇಳಿ ಎಷ್ಟೋ ದಿನವಾಯಿತು, ಉತ್ತರ ಕೊಡುವುದು ಬಾಕಿ ಇದೆ.

ಉಳಿದದ್ದು ಶ್ರೀಧರ್ ಕೇಳಿದ ಪ್ರಶ್ನೆ. ದೇವೇಂದ್ರನನ್ನು ಎಲ್ಲಿಡುವುದು. ವಾರವೆಲ್ಲ ಯೋಚಿಸಿದೆ. ಬದಲಿ ನೆಲ ಕೆಳಗಿನ ಬೀದಿಯವರಿಗೆ ಸಿಕ್ಕಿದರೆ ಕಲ್ಲು ಆ ನೆಲಕ್ಕೆ ಹೋಗುತ್ತದೆ. ಕಲ್ಲಿನ ಪಕ್ಕದಲ್ಲಿ ಅವನಿಗೂ ಆರಡಿ ಜಾಗ ಕೊಡಿ ಎಂದು ಮುನಿಗಂಗಮ್ಮನನ್ನು ಕೇಳಬೇಕು. ಕೇಳುವವಳು ನಾನೇ, ಬೇರೆ ಯಾರೂ ಕೇಳಲಾರರು. ಅವಳು ಎರಡೂ ಕೈ ಒಡ್ಡುತ್ತಿದ್ದವನನ್ನು ಮಾತ್ರ ಬಲ್ಲಳು. ಅವಳಿಗೆ ಓದು ಬರುವುದಿಲ್ಲ, ಅವನು ಬರೆದದ್ದನ್ನು ಹೇಳದೆಯೇ ಜಾಗ ಕೇಳಿಬಿಡಬಹುದು. ಹಾಗೆ ಕೇಳಿದರೆ ಇಲ್ಲ ಎನ್ನಲಾರಳು.

ಮೊದಲು ಅವನು ಬರೆದ ವಾಕ್ಯವನ್ನು, ‘ಈ ಹನ್ನೊಂದು ಮನೆಗಳವರು’ ಎಂಬಲ್ಲಿಂದ ‘ಒತ್ತುವರಿದಾರರು’ ಎಂಬ ಕೊನೆಯ ಪದದವರೆಗೆ, ಅವಳ ಅಂಗಳದಲ್ಲಿ ನಿಂತು ಓದಿ ಹೇಳಬೇಕು. ಜಾಗ ಕೇಳುವುದು ಅದಾದ ಮೇಲೆ.